40 ಲೀಟರ್ ಕ್ಯಾಬಿನ್ ಬ್ಯಾಗ್: ದೂರದ ದೇಶಗಳಿಗೆ ಹೊತ್ತು ತಿರುಗಿದ ಮೇಲೆ ಬರೆಯುತ್ತಿರುವ ವಿಮರ್ಶೆ

ಈ ಥರದ ಬ್ಯಾಗಿನ ಬಗ್ಗೆ ಆನ್‌ಲೈನ್‌ನಲ್ಲಿ ಬೇಕಾದಷ್ಟು ವಿಮರ್ಶೆ ಸಿಗುತ್ತವೆ. ಮುಕ್ಕಾಲು ಪಾಲು ಪಾರ್ಸೆಲ್ ಬಿಚ್ಚಿದ ದಿನವೇ ಬರೆದವು. ಬಣ್ಣ ಚೆನ್ನಾಗಿದೆ, ಡೆಲಿವರಿ ಬೇಗ ಬಂತು, ಐದು ನಕ್ಷತ್ರ. ಬ್ಯಾಗಿನ ಹಣೆಬರಹ ಗೊತ್ತಾಗೋದು ಜಿಪ್ ಸವೆದ ಮೇಲೆ, ಒಳಗಿನ ಲೇಪ ಸಿಪ್ಪೆ ಏಳೋಕೆ ಶುರುವಾದ ಮೇಲೆ, ಏರ್‌ಪೋರ್ಟ್ ಕೌಂಟರಿನವರು "ಸ್ವಲ್ಪ ತೂಕಕ್ಕೆ ಇಡಿ" ಅಂದ ಮೇಲೆ. ಈಗ ಈ ಮೂರೂ ಆಗಿದೆ. ಹಾಗಾಗಿ ಬರೆಯೋಣ ಅನ್ನಿಸಿತು.

ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಅಚ್ಚಿನ ಬ್ಯಾಗನ್ನು ನಾಲ್ಕಾರು ಹೆಸರಿನಲ್ಲಿ ಮಾರುತ್ತಾರೆ, ಮೇಲಿನ ಚೀಟಿ ಮಾತ್ರ ಬೇರೆ. ಗುರುತು ಹೇಳುತ್ತೇನೆ. 40 ಲೀಟರ್, ಬೆನ್ನಿಗೆ ಹಾಕೋ ಬ್ಯಾಗ್. ಆದರೆ ಬಾಯಿ ಮೇಲಿಲ್ಲ, ಸೂಟ್‌ಕೇಸ್ ಥರ ಮೂರು ಕಡೆ ಜಿಪ್ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ಚಕ್ರ ಇಲ್ಲ. ಲ್ಯಾಪ್‌ಟಾಪ್‌ಗೆ ಒಂದು ಖಾನೆ, ಅದರ ಹಿಂದೆ ಬೆನ್ನಿಗೆ ಅಂಟಿದ ಹಾಗೆ ಒಂದು ಕಳ್ಳ ಜೇಬು, ಮುಂದೆ ಒಂದು ಚಪ್ಪಟೆ ಜೇಬು, ಸೊಂಟಕ್ಕೆ ಕಟ್ಟೋ ಬೆಲ್ಟ್. ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ಬೆನ್ನಿಗೆ ಹಾಕಿ ನೋಡಿ ತಗೊಂಡಿದ್ದು. ಆಗ ಏಳು ಸಾವಿರದ ಆಸುಪಾಸು ಇತ್ತು.

ಮೊದಲು ತೂಕದ ವಿಷಯ, ಯಾಕೆಂದರೆ ಎಲ್ಲ ಲೆಕ್ಕಾಚಾರ ಅಲ್ಲಿಂದಲೇ ಶುರು. ನಮ್ಮ ಕಡೆಯ ವಿಮಾನಗಳಲ್ಲಿ ಕೈಲಿ ಒಯ್ಯೋ ಬ್ಯಾಗಿಗೆ ಸಾಮಾನ್ಯವಾಗಿ 55×35×25 ಸೆಂಟಿಮೀಟರ್ ಅಳತೆ, 7 ಕೆಜಿ ತೂಕ ಅಂತಾರೆ. ಚಕ್ರದ ಗಟ್ಟಿ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆ ಕೆಜಿ ತೂಗುತ್ತೆ. ನೀವು ಒಂದು ಬನಿಯನ್ ಕೂಡ ಹಾಕಿಲ್ಲ, ಆಗಲೇ ಮೂರನೇ ಒಂದು ಪಾಲು ಹೋಯಿತು. ಈ ಬ್ಯಾಗ್ ಖಾಲಿ ಇದ್ದಾಗ 1.3 ಕೆಜಿ. ಉಳಿದ 5.7 ಕೆಜಿಯಲ್ಲಿ ಬಟ್ಟೆ, ಔಷಧಿ, ಚಾರ್ಜರ್, ಚಟ್ನಿಪುಡಿ ಎಲ್ಲಾ ಹಿಡಿಯಬೇಕು. ಹಿಡಿಯುತ್ತೆ. ಆದರೆ ಮನೆಯಲ್ಲೇ ಕೂತು ಯೋಚನೆ ಮಾಡಿರಬೇಕು. ದೊಡ್ಡ ಸೂಟ್‌ಕೇಸ್ ಇದ್ದರೆ ಯೋಚನೆ ಮಾಡೋದೇ ಬೇಡ, ಕಂಡಿದ್ದೆಲ್ಲ ತುಂಬಿದರಾಯಿತು. ಇದರಲ್ಲಿ ಆ ಸೋಮಾರಿತನಕ್ಕೆ ಜಾಗ ಇಲ್ಲ. ನನ್ನ ಮಟ್ಟಿಗೆ ಈ ಬ್ಯಾಗಿನ ದೊಡ್ಡ ಗುಣ ಇದೇ, ಅದು ಡಬ್ಬದ ಮೇಲೆ ಬರೆದಿರಲ್ಲ.

ಇನ್ನು ಪೂರ್ತಿ ಬಿಚ್ಚಿಕೊಳ್ಳೋ ಬಾಯಿ. ಇದಕ್ಕೆ ನೂರಕ್ಕೆ ನೂರು ಅಂಕ. ಮೇಲೆ ಬಾಯಿರೋ ಬ್ಯಾಗಿನಲ್ಲಿ ಕಾಲುಚೀಲ ಹುಡುಕೋದು ಅಂದರೆ ಬಾವಿಗೆ ಬಿದ್ದ ಬಿಂದಿಗೆ ತೆಗೆದ ಹಾಗೆ. ಇಲ್ಲಿ ಹಾಸಿಗೆ ಮೇಲೆ ಬಿಚ್ಚಿಟ್ಟರೆ ಎಲ್ಲಾ ಕಣ್ಣಿಗೆ ಬೀಳುತ್ತೆ. ಒಳಗೆ ವಿಂಗಡಿಸೋಕೆ ಪ್ಯಾಕಿಂಗ್ ಕ್ಯೂಬ್ ಅಂತ ಸೆಟ್ ಮಾರುತ್ತಾರೆ, ಸಾವಿರದಿಂದ ಮೇಲೆ. ಸುಮ್ನೆ ದುಡ್ಡು ದಂಡ. ನಾನು ಮದುವೆ ಮನೆಯ ತಾಂಬೂಲದ ಬಟ್ಟೆ ಚೀಲ ಬಳಸುತ್ತೇನೆ. ಮೈಸೂರಿನ ಯಾರ ಮನೆಯಲ್ಲಿ ಅದಕ್ಕೆ ಬರ ಹೇಳಿ? ಒಳಉಡುಪಿಗೆ ಒಂದು, ಅಂಗಿಗಳಿಗೆ ಒಂದು, ಕೊಳೆ ಬಟ್ಟೆಗೆ ಒಂದು. ಯಾರದ್ದೋ ಮದುವೆಯ ವಧೂವರರ ಹೆಸರು ಹೊತ್ತ ಚೀಲಗಳು ನೈರೋಬಿ, ಓಸ್ಲೊ ಎಲ್ಲಾ ನೋಡಿಕೊಂಡು ಬಂದಿವೆ. ಆ ದಂಪತಿ ಇನ್ನೂ ಹೋಗಿದ್ದಾರೋ ಇಲ್ಲವೋ.

ಬಟ್ಟೆ ಚೀಲಕ್ಕೆ ಇನ್ನೊಂದು ಕಾರಣ ಇದೆ, ಇದು ಪೂರ್ವ ಆಫ್ರಿಕಾಗೆ ಹೋಗೋರಿಗೆ ಮುಖ್ಯ. ನಮ್ಮ ಜನಕ್ಕೆ ಚಪ್ಪಲಿಗೆ ಒಂದು ಕವರ್, ಸೋಪಿಗೆ ಒಂದು ಕವರ್, ಕವರ್ ಸುತ್ತೋಕೆ ಇನ್ನೊಂದು ಕವರ್ ಬೇಕು ಅಲ್ವಾ. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕವರ್ ನಿಷೇಧ. ಕಾನೂನಿನಲ್ಲಿ ನಾಲ್ಕು ವರ್ಷದವರೆಗೆ ಜೈಲು ಅಂತಿದೆ. ತಾಂಜಾನಿಯಾ 2019ರ ಜೂನ್ 1ರಿಂದ ನಿಷೇಧಿಸಿತು, ಬರೋ ಪ್ರವಾಸಿಗರಿಗೂ ಅದು ಅನ್ವಯ. ಸೋಪು, ಪೇಸ್ಟ್ ಇಡೋ ಜಿಪ್‌ಲಾಕ್ ಚೀಲಕ್ಕೆ ಮಾತ್ರ ಅಲ್ಲಿ ವಿನಾಯಿತಿ ಇದೆ, ಅದನ್ನೂ ವಾಪಸ್ ತಗೊಂಡು ಹೋಗಬೇಕು. ರುವಾಂಡಾದಲ್ಲಂತೂ 2008ರಿಂದಲೇ ಇದೆ. ಅಂಗಡಿಯವರು ಕೊಟ್ಟ ಕವರ್ ಸಮೇತ ತುರುಕಿಕೊಂಡು ಹೋಗಿ ಅಲ್ಲಿ ನಿಂತು ಎಲ್ಲಾ ಬಿಚ್ಚೋ ಬದಲು ಇಲ್ಲೇ ತಾಂಬೂಲದ ಚೀಲಕ್ಕೆ ಹಾಕಿಕೊಳ್ಳಿ.

ಆಫ್ರಿಕಾ ಮಾತು ಬಂದಿದ್ದಕ್ಕೆ ಇನ್ನಷ್ಟು ಹೇಳಿಬಿಡುತ್ತೇನೆ, ಈ ಬ್ಯಾಗ್ ನಿಜವಾಗಿ ಪರೀಕ್ಷೆಗೆ ಕೂತಿದ್ದು ಅಲ್ಲೇ. ಕಾಡಿನ ನಡುವಿನ ಮಣ್ಣು ರನ್‌ವೇಗೆ ಹೋಗೋ ಸಣ್ಣ ವಿಮಾನಗಳಲ್ಲಿ 15 ಕೆಜಿ ಮಿತಿ ಇಡುತ್ತಾರೆ, ಅದೂ ಮೆತ್ತನೆ ಬ್ಯಾಗೇ ಆಗಬೇಕು. ಗಟ್ಟಿ ಸೂಟ್‌ಕೇಸ್ ಅವರ ಸಾಮಾನು ಗೂಡಿನ ಬಾಯಿಗೆ ಹಿಡಿಸೋದೇ ಇಲ್ಲ. ಜೀಪಿನಲ್ಲೂ ಅಷ್ಟೇ, ಸೀಟಿನ ಹಿಂದಿನ ಸಂದಿಗೆ ಈ ಬ್ಯಾಗನ್ನು ಒತ್ತಿ ಕೂರಿಸಬಹುದು. ನೈರೋಬಿಯಿಂದ ರಸ್ತೆಯಲ್ಲಿ ನಮಂಗಾ ಗಡಿ ದಾಟಿ ತಾಂಜಾನಿಯಾದ ಅರುಷಾಗೆ ಹೋಗುವಾಗ ಬ್ಯಾಗ್ ಹೊತ್ತು ಗಾಡಿಯಿಂದ ಇಳಿದು, ಸಾಲಿನಲ್ಲಿ ನಿಂತು, ಮತ್ತೆ ಹತ್ತಬೇಕು. ಎರಡೂ ಕೈ ಖಾಲಿ ಇದ್ದಿದ್ದು ಎಂಥ ಸುಖ ಅಂತ ಪಾಸ್‌ಪೋರ್ಟ್, ಕಾಗದ, ಪೆನ್ನು ಎಲ್ಲಾ ಒಟ್ಟಿಗೆ ಹಿಡಿದವರಿಗೆ ಗೊತ್ತು. ಕೆಂಪು ಧೂಳು ಮಾತ್ರ ಜಿಪ್‌ನ ಹಲ್ಲುಗಳ ಸಂದಿಗೆ ಇಳಿದುಬಿಟ್ಟಿತ್ತು, ಹಳೇ ಟೂತ್‌ಬ್ರಶ್ ಹಾಕಿ ಉಜ್ಜಿದರೂ ಅಂಚಿನಲ್ಲಿ ಇಟ್ಟಿಗೆ ಬಣ್ಣ ಇನ್ನೂ ಇದೆ.

ಅಲ್ಲಿಗೆ ಬಟ್ಟೆ ಆರಿಸುವಾಗ ಕಡು ನೀಲಿ, ಕಪ್ಪು ಬೇಡ. ರಕ್ತ ಹೀರೋ ಟ್ಸೆಟ್ಸೆ ನೊಣ ಆ ಬಣ್ಣಗಳಿಗೇ ಮುಗಿಬೀಳುತ್ತೆ, ಕಚ್ಚಿದರೆ ಅಂಗಿ ಮೇಲಿಂದಲೇ ಚುರುಕ್ ಅನ್ನುತ್ತೆ. ಮಣ್ಣಿನ ಬಣ್ಣ, ತಿಳಿ ಹಸಿರು ಒಳ್ಳೇದು.

ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ವಿಷಯ ಕೊನೇ ವಾರಕ್ಕೆ ಬಿಡಬೇಡಿ. ಕೀನ್ಯಾದಂಥ ದೇಶದಿಂದ ವಾಪಸ್ ಬರುವಾಗ ಸರ್ಟಿಫಿಕೇಟ್ ಕೇಳೋರು ಬೇರೆ ಯಾರೂ ಅಲ್ಲ, ನಮ್ಮವರೇ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದು ಚಾಲ್ತಿಗೆ ಬರುತ್ತೆ. 2016ರಿಂದ ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ, ಹತ್ತು ವರ್ಷಕ್ಕೊಮ್ಮೆ ಅನ್ನೋದು ಹಳೇ ಮಾತು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತೆ. ನಾನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಆ ಹಳದಿ ಪುಸ್ತಕ ಈಗ ಪಾಸ್‌ಪೋರ್ಟ್ ಜೊತೆಗೇ ಇರುತ್ತೆ.

ಕಳ್ಳ ಜೇಬಿನ ಬಗ್ಗೆ ಕಂಪನಿಯವರು ಬಹಳ ಹೊಗಳಿಕೊಂಡಿದ್ದಾರೆ. ಐಡಿಯಾ ಒಳ್ಳೇದೇ, ಬೆನ್ನಿಗೆ ಒತ್ತಿಕೊಂಡಿರೋದರಿಂದ ಯಾರೂ ಕೈ ಹಾಕೋಕಾಗಲ್ಲ. ಆದರೆ ಅದರ ಬಟ್ಟೆ ಬೆವರು ಹೀರುತ್ತೆ. ಸೆಕೆಯ ಊರಲ್ಲಿ ಅರ್ಧ ಗಂಟೆ ನಡೆದರೆ ಒಳಗಿನ ನೋಟು ತೇವ ಆಗಿ ಮೆತ್ತಗಾಗುತ್ತೆ. ಪೂರ್ವ ಆಫ್ರಿಕಾದಲ್ಲಿ ಡಾಲರ್ ನೋಟನ್ನು ಅವರು ನೋಡೋ ರೀತಿಯೇ ಬೇರೆ. ಬೆಳಕಿಗೆ ಹಿಡಿದು, ಅಂಚು ಸವರಿ, ಪೆನ್ನಿನ ಗುರುತು ಇದೆಯಾ ಅಂತ ತಿರುಗಿಸಿ ನೋಡುತ್ತಾರೆ. ಹರಿದಿದ್ದು, ಮಾಸಿದ್ದು ಬೇಡ ಅಂತಾರೆ. 2006ಕ್ಕಿಂತ ಹಿಂದೆ ಅಚ್ಚಾದ ನೋಟನ್ನಂತೂ ಮುಟ್ಟೋದೇ ಇಲ್ಲ. ವರ್ಷ ನೋಟಿನ ಮೇಲೇ ಸಣ್ಣದಾಗಿ ಇರುತ್ತೆ, ಮೈಸೂರಿನಲ್ಲಿ ಡಾಲರ್ ಕೊಳ್ಳುವಾಗಲೇ ಕೌಂಟರ್ ಬಿಡೋ ಮುಂಚೆ ಒಂದೊಂದಾಗಿ ನೋಡಿ ಬದಲಾಯಿಸಿಕೊಳ್ಳಿ. ಒಂದು ಪ್ರವಾಸಕ್ಕೆ ನಗದು 3,000 ಡಾಲರ್‌ವರೆಗೆ ಕೊಡುತ್ತಾರೆ, ಅಷ್ಟೆಲ್ಲ ಬೇಕಾಗೋದೂ ಇಲ್ಲ. ನಾನು ನೋಟನ್ನು ಗಟ್ಟಿ ಕಾಗದದ ಲಕೋಟೆಯಲ್ಲಿ ಹಾಕಿ ಲ್ಯಾಪ್‌ಟಾಪ್ ಖಾನೆಯ ತಳದಲ್ಲಿ ಇಡುತ್ತೇನೆ. ಕಳ್ಳ ಜೇಬಿಗೆ ಪಾಸ್‌ಪೋರ್ಟಿನ ಜೆರಾಕ್ಸ್ ಸಾಕು. ಉಳಿದ ಖರ್ಚಿಗೆ ಕಾರ್ಡ್. ಎಟಿಎಂ ಅಥವಾ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣದಲ್ಲೇ ಕೊಡಿ. ರೂಪಾಯಿ ಅಂದರೆ ಅವರು ಹಾಕಿದ್ದೇ ದರ.

ಊಟದ ವಿಷಯಕ್ಕೆ ಬಂದರೆ ಬ್ಯಾಗಿನಷ್ಟೇ ಮನೆಯವರನ್ನೂ ಸಂಭಾಳಿಸಬೇಕು. ನಮ್ಮಮ್ಮ ಪ್ರತಿ ಸಲವೂ "ಇದೊಂದು ಡಬ್ಬಿ ಹಿಡಿಸಲ್ವೇನೋ?" ಅಂತ ಕೇಳುತ್ತಾರೆ. ಹಿಡಿಸುತ್ತೆ, ಆದರೆ ಎಲ್ಲಾ ಡಬ್ಬಿ ಅಲ್ಲ. ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಭದ್ರತೆಯವರ ಕಣ್ಣಿಗೆ ದ್ರವ ಪದಾರ್ಥ. ಕೈಬ್ಯಾಗಿನಲ್ಲಿ ದ್ರವ 100 ಮಿಲಿಗಿಂತ ಜಾಸ್ತಿ ಬಿಡಲ್ಲ, ಮೆಣಸಿನಕಾಯಿ ಉಪ್ಪಿನಕಾಯಿಯನ್ನಂತೂ ಕೈಬ್ಯಾಗಿನಲ್ಲಿ ಇಟ್ಟುಕೊಳ್ಳೋ ಹಾಗೇ ಇಲ್ಲ. ಒಣಕೊಬ್ಬರಿ ಬಟ್ಟಲು ಕೂಡ ಬೇಡ. ಎಣ್ಣೆ ಅಂಶಕ್ಕೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಗಸಗಸೆ ವಿಷಯ ಇನ್ನೂ ಗಂಭೀರ. ನಮಗೆ ಅದು ಹಬ್ಬದ ಪಾಯಸ. ದುಬೈ ಕಡೆ ಅದು ಮಾದಕ ವಸ್ತುವಿನ ಲೆಕ್ಕ, ಸಿಕ್ಕಿಬಿದ್ದರೆ ಜೈಲೂ ಆಗಬಹುದು. ದುಬೈ ಮೇಲೆ ಬೇರೆ ಕಡೆ ಹೋಗೋರೂ ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯಾ ಅಂತ ಮನೆಯಲ್ಲೇ ಕೇಳಿ ಹೊರಡಿ. ನ್ಯೂಜಿಲೆಂಡ್‌ಗೆ ಹೋಗೋರು ತಿಂಡಿ ಏನಿದ್ದರೂ ಫಾರಂನಲ್ಲಿ ಬರೆಯಿರಿ, ಬಚ್ಚಿಟ್ಟರೆ ಅಲ್ಲೇ ನಿಲ್ಲಿಸಿ 400 ನ್ಯೂಜಿಲೆಂಡ್ ಡಾಲರ್ ದಂಡ, ಅದೂ ಒಂದು ಮರೆತುಹೋದ ಹಣ್ಣಿಗೆ. ನಾನು ಒಯ್ಯೋದು ಹುರಿದ ಅವಲಕ್ಕಿ, ಕೊಬ್ಬರಿ ಹಾಕದ ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗೋ ಉಪ್ಪಿಟ್ಟಿನ ಪುಡಿ. ಎಲ್ಲಾ ಸೇರಿ ಮುಕ್ಕಾಲು ಕೆಜಿ. ಅದೂ ಹೋಗ್ತಾ ಹೋಗ್ತಾ ಖಾಲಿಯಾಗುತ್ತೆ, ಬರುವಾಗ ಆ ಜಾಗಕ್ಕೆ ಕಾಫಿ ಪುಡಿ ಬರುತ್ತೆ. ಕೂರ್ಗ್ ಪಕ್ಕದಲ್ಲೇ ಇರೋ ಊರಿಗೆ ಕಿಲಿಮಂಜಾರೊ ಕಾಫಿ ತರೋದು ಯಾಕೆ ಅಂತ ಕೇಳಬೇಡಿ, ತಂದಿದ್ದೇನೆ.

ಮುಂದಿನ ಚಪ್ಪಟೆ ಜೇಬು ನೋಡೋಕೆ ಸಾಧಾರಣ, ಆದರೆ ನನಗೆ ಬಹಳ ಉಪಯೋಗಕ್ಕೆ ಬಂದಿದ್ದು ಅದೇ. ಪವರ್ ಬ್ಯಾಂಕ್ ಅಲ್ಲಿ ಇಡುತ್ತೇನೆ. ವಿಮಾನ ತುಂಬಿದ್ದರೆ ಬಾಗಿಲ ಹತ್ತಿರವೇ ಕೈಬ್ಯಾಗನ್ನೂ ತೆಗೆದು ಕೆಳಗೆ ಹಾಕಿಬಿಡುತ್ತಾರೆ. ಆಗ ಪವರ್ ಬ್ಯಾಂಕ್ ಒಳಗೆ ಇರೋ ಹಾಗಿಲ್ಲ, ನಮ್ಮ ಕೈಯಲ್ಲೇ ಇರಬೇಕು. ಹಿಂದಿನವರು ನೂಕುತ್ತಿರುವಾಗ ಇಡೀ ಬ್ಯಾಗ್ ಬಿಚ್ಚೋದು ಯಾರಿಗೆ ಬೇಕು. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ. 20,000 ಎಂಎಎಚ್‌ದು 74 ವ್ಯಾಟ್-ಅವರ್ ಆಗುತ್ತೆ, ತೊಂದರೆ ಇಲ್ಲ. ಆದರೆ ಅಂಕಿ ಅಳಿಸಿಹೋಗಿರೋ ಹಳೇ ಪವರ್ ಬ್ಯಾಂಕ್ ಇದ್ದರೆ ಹೊಸದು ತಗೊಳ್ಳಿ, ಓದೋಕೆ ಆಗದಿದ್ದರೆ ಭದ್ರತೆಯವರು ಎತ್ತಿಟ್ಟುಕೊಳ್ಳಬಹುದು.

ಅದೇ ಜೇಬಿನಲ್ಲಿ ಪ್ಲಗ್ ಅಡಾಪ್ಟರ್. ಕೀನ್ಯಾದಲ್ಲಿ ಇಂಗ್ಲೆಂಡಿನ ಥರ ಚಪ್ಪಟೆ ಮೂರು ಪಿನ್. ದಕ್ಷಿಣ ಆಫ್ರಿಕಾದಲ್ಲಿ ನಮ್ಮ ಗೀಸರಿನ ದಪ್ಪ ಪ್ಲಗ್ ಥರದ್ದೇ, ಇದು ಗೊತ್ತಿದ್ದರೆ ಅಡಾಪ್ಟರಿನ ದುಡ್ಡು ಉಳಿಯುತ್ತೆ. ಜಪಾನಿನಲ್ಲಿ ಎರಡು ಚಪ್ಪಟೆ ಪಿನ್, ಮತ್ತೆ ಕರೆಂಟು 100 ವೋಲ್ಟ್. ಫೋನ್ ಚಾರ್ಜರಿನ ಮೇಲೆ 100-240 ಅಂತ ಇರುತ್ತೆ, ಅದು ಎಲ್ಲೂ ನಡೆಯುತ್ತೆ. ಆದರೆ ಇಲ್ಲಿಂದ ಎಲೆಕ್ಟ್ರಿಕ್ ಕೆಟಲ್ ಹೊತ್ತು ಹೋಗೋರಿಗೆ ಒಂದು ಮಾತು. ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತೆ, ವೋಲ್ಟೇಜ್ ಅಲ್ಲ. ಇಲ್ಲಿ 1,500 ವ್ಯಾಟ್ ಎಳೆಯೋ ಕೆಟಲ್ ಅಲ್ಲಿ 300 ವ್ಯಾಟ್ ಕೂಡ ಎಳೆಯಲ್ಲ. ಉಪ್ಪಿಟ್ಟಿನ ನೀರು ಕಾಯೋಷ್ಟರಲ್ಲಿ ಹಸಿವು ಸತ್ತಿರುತ್ತೆ. ಜಪಾನಿನ ಹೋಟೆಲ್ ರೂಮುಗಳಲ್ಲಿ ಸಾಮಾನ್ಯವಾಗಿ ಕೆಟಲ್ ಇರುತ್ತೆ, ಬಿಡಿ.

ಜಪಾನಿನಲ್ಲಿ ಈ ಬ್ಯಾಗ್ ರಾಜ. ರೂಮು ಚಿಕ್ಕವು, ಸ್ಟೇಷನ್ನಿನಲ್ಲಿ ಮೆಟ್ಟಿಲು ಜಾಸ್ತಿ. ಟೋಕಿಯೊದಿಂದ ಕ್ಯೋಟೊ ಕಡೆ ಹೋಗೋ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ಮೀರೋ ಸಾಮಾನಿಗೆ 2020ರಿಂದ ಮೊದಲೇ ಜಾಗ ಕಾದಿರಿಸಬೇಕು. ಇದು ಕೂಡಿದರೆ 115, ತಲೆ ಮೇಲಿನ ಹಲಗೆಯಲ್ಲಿ ಕೂರುತ್ತೆ. ಔಷಧಿ ಮಾತ್ರ ನೋಡಿಕೊಳ್ಳಿ. ಕೆಲವು ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫಿಡ್ರಿನ್ ಅನ್ನೋ ಅಂಶ ಇರುತ್ತೆ, 10 ಶೇಕಡಕ್ಕಿಂತ ಜಾಸ್ತಿ ಇದ್ದರೆ ಮೊದಲೇ ಅನುಮತಿ ಪಡೆಯದೆ ಜಪಾನಿಗೆ ಒಯ್ಯೋ ಹಾಗಿಲ್ಲ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಬೇಡಿ, ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಸಮೇತ ಇಟ್ಟುಕೊಳ್ಳಿ.

ನಾರ್ವೆಯ ಚಳಿಗೆ 40 ಲೀಟರ್ ಸಾಕಾಗುತ್ತಾ ಅಂತ ಬಹಳ ಜನ ಕೇಳಿದ್ದಾರೆ. ಸಾಕು, ದಪ್ಪ ಜಾಕೆಟ್ಟನ್ನು ಮೈಮೇಲೆ ಹಾಕಿಕೊಂಡು ವಿಮಾನ ಹತ್ತಿದರೆ. ಜೀನ್ಸ್ ಬೇಡ, ಒಗೆದರೆ ಎರಡು ದಿನ ಒಣಗಲ್ಲ. ಟವೆಲ್‌ಗೆ ಮೈಕ್ರೋಫೈಬರ್ ಅಂತ ಎಂಟುನೂರು ಕೊಡೋದಕ್ಕಿಂತ ನಮ್ಮ ಪಾಣಿಪಂಚೆ ಒಳ್ಳೇದು, ರಾತ್ರಿ ಹಿಂಡಿ ಹಾಕಿದರೆ ಬೆಳಗ್ಗೆ ಗರಿಗರಿ.

ಈಗ ಬ್ಯಾಗಿನ ತೊಂದರೆಗಳಿಗೆ ಬರೋಣ. ಮೊದಲು ಕೈಕೊಟ್ಟಿದ್ದು ದೊಡ್ಡ ಜಿಪ್. ಎಳೆದರೆ ಮುಂದೆ ಮುಚ್ಚಿಕೊಂಡು ಹಿಂದಿನಿಂದ ಬಾಯಿ ಬಿಡೋದು. ಕಂಪನಿಯ "ಜೀವಮಾನ ವಾರಂಟಿ"ಗೆ ಫೋನ್ ಹಚ್ಚಿದೆ. ಹೊಲಿಗೆ ಬಿಟ್ಟರೆ ಮಾತ್ರ ವಾರಂಟಿ, ಜಿಪ್ ಸವೆಯೋದು ಬಳಕೆಯ ಲೆಕ್ಕ, ಆದರೂ ನೋಡುತ್ತೇವೆ, ನಿಮ್ಮ ಖರ್ಚಿನಲ್ಲಿ ಕೊರಿಯರ್ ಮಾಡಿ ಅಂದರು. ಕೊರಿಯರ್ ದುಡ್ಡಲ್ಲಿ ಹೊಸ ಜಿಪ್ಪೇ ಬರುತ್ತೆ. ಸಂತೇಪೇಟೆ ಕಡೆ ಒಬ್ಬ ಬ್ಯಾಗ್ ರಿಪೇರಿಯವರ ಹತ್ತಿರ ಒಯ್ದೆ. ಅವರು ಜಿಪ್ ಹಲ್ಲಿನ ಮೇಲೆ ಉಗುರು ಎಳೆದು ನೋಡಿದರು. "ಜಿಪ್ ಗಟ್ಟಿಯಾಗಿದೆ ಸಾರ್, ರನ್ನರ್ ಮಾತ್ರ ಅಗಲ ಆಗಿದೆ. ಪೂರ್ತಿ ಯಾಕೆ ಬಿಚ್ಚಿಸ್ತೀರಾ?" ಅಂದು, ತಗಡಿನ ಡಬ್ಬಿಯಿಂದ ಅಳತೆಗೆ ಸರಿಯಾದ ಎರಡು ರನ್ನರ್ ಹುಡುಕಿ, ತುದಿಯ ಹೊಲಿಗೆ ಒಂದು ಇಂಚು ಬಿಚ್ಚಿ, ತೂರಿಸಿ, ಮತ್ತೆ ಹೊಲಿದು ಕೊಟ್ಟರು. ನೂರು ರೂಪಾಯಿ ಒಳಗೆ ಮುಗಿಯಿತು. ದಾರಿಯಲ್ಲಿ ಹೀಗಾದರೆ ರನ್ನರಿನ ಎರಡೂ ಬದಿಯನ್ನು ಇಕ್ಕಳದಲ್ಲಿ ಸ್ವಲ್ಪವೇ ಒತ್ತಿ, ಊರಿಗೆ ಬರೋವರೆಗೆ ನಡೆಯುತ್ತೆ. ಜಾಸ್ತಿ ಒತ್ತಿದರೆ ಮುರಿಯುತ್ತೆ. ಅಂದಹಾಗೆ ಜಿಪ್ ಮೇಲೆ ಬೀಗ ಹಾಕಿ ನೆಮ್ಮದಿಯಾಗಿ ಮಲಗಬೇಡಿ, ಇಂಥ ಜಿಪ್ಪನ್ನು ಬಾಲ್‌ಪೆನ್ ತುದಿ ಚುಚ್ಚಿ ಬಿಡಿಸಬಹುದು.

ಎರಡನೇ ತೊಂದರೆಗೆ ರಿಪೇರಿ ಇಲ್ಲ. ಬಟ್ಟೆಯ ಒಳಮೈಗೆ ನೀರು ಇಳಿಯದಿರಲಿ ಅಂತ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಲೇಪ ಬಳಿದಿರುತ್ತಾರೆ. ಗಾಳಿಯ ತೇವ ತಾಗಿ ತಾಗಿ ಅದು ಒಳಗೊಳಗೇ ಒಡೆಯುತ್ತೆ. ಮೊದಲು ಅಂಟಂಟು, ಆಮೇಲೆ ಹುಳಿ ವಾಸನೆ, ಆಮೇಲೆ ಬಿಳಿ ಸಿಪ್ಪೆ. ನನ್ನ ಬ್ಯಾಗಿನ ತಳದ ಮೂಲೆಯಲ್ಲಿ ಸಿಪ್ಪೆ ಶುರುವಾಗಿದೆ, ಕಪ್ಪು ಪ್ಯಾಂಟಿಗೆ ಅಂಟಿಕೊಂಡರೆ ತಲೆಹೊಟ್ಟು ಉದುರಿದ ಹಾಗೆ ಕಾಣುತ್ತೆ. ಟ್ರಾಲಿ ಬ್ಯಾಗಿನ ಚಕ್ರ ಅಟ್ಟದಲ್ಲೇ ಪುಡಿಯಾಗೋದಕ್ಕೂ ಬಹಳ ಸಲ ಇದೇ ಕಾರಣ. ಉಪಯೋಗಿಸಿದರೆ ಸವೆಯುತ್ತೆ ಅಂತ ಜೋಪಾನವಾಗಿ ಕವರ್ ಸುತ್ತಿ ಅಟ್ಟಕ್ಕೆ ಹಾಕಿದ್ದೇ ಬೇಗ ಹಾಳಾಗುತ್ತೆ. ಗಾಳಿಯಾಡೋ ಕಡೆ ನೇತುಹಾಕಿ. ಮಳೆಗಾಲದಲ್ಲಿ ಆಗಾಗ ಬಾಯಿ ಬಿಚ್ಚಿ ನೆರಳಲ್ಲಿ ಇಡಿ. ವಾಷಿಂಗ್ ಮೆಷಿನ್‌ಗೆ ಹಾಕಲೇಬೇಡಿ. ಈ ಬ್ಯಾಗಿಗೆ ಮಳೆ ಕವರ್ ಕೊಟ್ಟಿಲ್ಲ, ಏಳು ಸಾವಿರ ತಗೊಂಡು ಇನ್ನೂರು ರೂಪಾಯಿಯ ಕವರ್‌ಗೆ ಜಿಪುಣತನ ಮಾಡಿದ್ದಾರೆ.

ಹೆಗಲ ಪಟ್ಟಿಯ ಸ್ಪಂಜು ಸ್ವಲ್ಪ ಕುಸಿದಿದೆ, ಅದು ಸಹಜ. ಬೆನ್ನಿನ ಕಡೆ ಗಾಳಿ ಹೋಗೋಕೆ ದಾರಿ ಇಲ್ಲ, ಏಪ್ರಿಲ್‌ನಲ್ಲಿ ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಏರ್‌ಪೋರ್ಟಿನ ಫ್ಲೈಬಸ್ ಹತ್ತೋಷ್ಟರಲ್ಲೇ ಅಂಗಿ ಒದ್ದೆ. ಸೊಂಟದ ಬೆಲ್ಟ್ ಮಾತ್ರ ಬಂಗಾರ. ಬಿಗಿಯಾಗಿ ಕಟ್ಟಿದರೆ ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತೆ, ಏಳು ಕೆಜಿ ಹೊತ್ತು ಒಂದು ಗಂಟೆ ನಡೆದರೂ ಕುತ್ತಿಗೆ ಹಿಡಿಯಲ್ಲ.

ಯಾರಿಗೆ ಬೇಡ? ಬೆನ್ನು, ಮಂಡಿ ನೋವಿರೋರಿಗೆ ಚಕ್ರದ್ದೇ ಸರಿ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಆರು ತಿಂಗಳು ಹೊರಟಿರೋ ಅಮ್ಮಂದಿರಿಗೆ ಇದು ಯಾವ ಮೂಲೆಗೂ ಸಾಲಲ್ಲ, ಅವರಿಗೆ ಎರಡು ದೊಡ್ಡ ಸೂಟ್‌ಕೇಸೇ ಬೇಕು. ಮತ್ತೆ ಬ್ಯಾಗ್ ಕೊಳ್ಳೋ ಮೊದಲು ಪಾಸ್‌ಪೋರ್ಟ್ ತೆಗೆದು ಅವಧಿ ನೋಡಿ. ಎಷ್ಟೋ ದೇಶಗಳು ಆರು ತಿಂಗಳು ಬಾಕಿ ಇರಲೇಬೇಕು ಅಂತಾವೆ. ಪಾಸ್‌ಪೋರ್ಟ್ ನವೀಕರಿಸೋಕೆ ನಮ್ಮೂರಿನವರು ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಮಾಡಿಕೊಡೋ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾಗಿದ್ದೇ 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಆ ಲೇಪಕ್ಕೆ ಮತ್ತು ವಾರಂಟಿಯವರ ಮಾತಿಗೆ. ಮೊನ್ನೆ ಅದೇ ಅಂಗಡಿ ಮುಂದೆ ಹೋಗುವಾಗ ಇದರ ಹೊಸ ಮಾದರಿ ನೋಡಿದೆ. ಯುಎಸ್‌ಬಿ ತೂತು ಕೊಟ್ಟಿದ್ದಾರೆ, ಸೊಂಟದ ಬೆಲ್ಟ್ ಕಿತ್ತು ಹಾಕಿದ್ದಾರೆ, ಬೆಲೆ ಒಂದು ಸಾವಿರ ಏರಿಸಿದ್ದಾರೆ. ಗೋದಾಮಿನಲ್ಲಿ ಹಳೇದು ಉಳಿದಿದೆಯಾ ಅಂತ ಕೇಳಿ, ಇದ್ದರೆ ಅದನ್ನೇ ತಗೊಳ್ಳಿ. ಕೊಳ್ಳುವಾಗ ಒಳಗೆ ಕೈ ಹಾಕಿ ತಳದ ಮೂಲೆ ಸವರಿ ನೋಡಿ, ಅಂಟಿದರೆ ಬೇಡ ಅನ್ನಿ.